ಹಳೆ ಸ್ಪೋರ್ಟ್ಸ್ ಕಾರಿನ ರೇಡಿಯೇಟರ್ ಕಂಪನಿಯದೋ, ಹೊರಗಿನದೋ? ಬಿಸಿಯೇರುವ ದೋಷ ಹುಡುಕುವ ಮೊದಲು ನೋಡಬೇಕಾದ್ದು

ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಬಿಸಿಯೇರುತ್ತಿದೆ ಎಂದರೆ ಹೆಚ್ಚಿನವರು ಮೊದಲು ಥರ್ಮೋಸ್ಟಾಟ್ (ತಾಪಕ್ಕೆ ತಕ್ಕಂತೆ ರೇಡಿಯೇಟರಿನತ್ತ ಹರಿವನ್ನು ತೆರೆದು ಮುಚ್ಚುವ ಕವಾಟ) ಬದಲಿಸುತ್ತಾರೆ, ಆಮೇಲೆ ವಾಟರ್ ಪಂಪ್. ಮುಂದೆ ಕೂತಿರುವ ರೇಡಿಯೇಟರ್ ಯಾವುದೆಂದು ನೋಡುವವರು ಕಡಿಮೆ. ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಕೂಲಂಟ್ ಪ್ರಮಾಣ, ಕ್ಯಾಪ್ ಒತ್ತಡ, ಫ್ಯಾನ್ ಶುರುವಾಗುವ ತಾಪಮಾನ, ಗಾಳಿ ಹೊರಹಾಕುವ ಕ್ರಮ, ಇವೆಲ್ಲ ಕಾರ್ಖಾನೆಯಿಂದ ಬಂದ ರೇಡಿಯೇಟರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಅದನ್ನು ಯಾರೋ ಬದಲಿಸಿದ್ದರೆ ಮ್ಯಾನುಯಲ್‌ನ ಅರ್ಧ ಅಂಕಿಗಳು ಈ ಕಾರಿಗೆ ಹೊಂದುವುದಿಲ್ಲ. ಹಾಗಾಗಿ ಗುರುತು ಹಿಡಿಯುವ ಕೆಲಸ ಮೊದಲು, ದೋಷ ಹುಡುಕುವ ಕೆಲಸ ಆಮೇಲೆ.

ಬಗೆ ಎರಡಲ್ಲ, ನಾಲ್ಕು

"ಪ್ಲಾಸ್ಟಿಕ್ ಟ್ಯಾಂಕ್ ಇದ್ದರೆ ಕಂಪನಿಯದು, ಪೂರ್ತಿ ಅಲ್ಯುಮಿನಿಯಂ ಇದ್ದರೆ ಹೊರಗಿನದು" ಎನ್ನುವ ಸೂತ್ರ ಅರ್ಧ ಮಾತ್ರ ನಿಜ. (ಟ್ಯಾಂಕ್ ಎಂದರೆ ರೇಡಿಯೇಟರಿನ ಎರಡು ತುದಿಯ ಕೂಲಂಟ್ ಪೆಟ್ಟಿಗೆ, ಕೋರ್ ಎಂದರೆ ನಡುವಿನ ಟ್ಯೂಬುಗಳ ಭಾಗ, ಫಿನ್ ಎಂದರೆ ಆ ಟ್ಯೂಬುಗಳ ನಡುವಿನ ತೆಳು ಲೋಹದ ಮಡಿಕೆ.) ಕೈಗೆ ಸಿಗುವ ರೇಡಿಯೇಟರುಗಳು ಇವು:

ಮೊದಲನೆಯದು, ಕಾರಿನ ಜೊತೆಗೇ ಬಂದದ್ದು ಅಥವಾ ಕಾರು ಕಂಪನಿಯ ಬಿಡಿಭಾಗವಾಗಿ ಆಮೇಲೆ ಹಾಕಿದ್ದು. ಎರಡನೆಯದು, ಕಾರು ಕಂಪನಿಗೆ ಪೂರೈಸುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವುದು. ಡೆನ್ಸೊ, ವೇಲಿಯೊ, ಬೆಹ್ರ್‌ನಂಥ ಹೆಸರುಗಳು ಇಲ್ಲಿ ಬರುತ್ತವೆ. ಕಾರು ಕಂಪನಿಯ ಲೋಗೊ ಇರುವುದಿಲ್ಲ, ಉಳಿದಂತೆ ವ್ಯತ್ಯಾಸ ಅಲ್ಪ. ಮೂರನೆಯದು, ಅದೇ ಆಕಾರದ ಅಗ್ಗದ ನಕಲು: ಪ್ಲಾಸ್ಟಿಕ್ ಟ್ಯಾಂಕ್, ಅಲ್ಯುಮಿನಿಯಂ ಕೋರ್, ನೋಡಲು ಕಂಪನಿಯದರಂತೆಯೇ, ಆದರೆ ಕೋರ್ ತೆಳು, ಫಿನ್‌ಗಳು ವಿರಳ. ನಾಲ್ಕನೆಯದು ವೆಲ್ಡಿಂಗ್ ಮಾಡಿದ ಪೂರ್ತಿ ಅಲ್ಯುಮಿನಿಯಂನ ದಪ್ಪ ರೇಡಿಯೇಟರ್. ಕೋಯೊ, ಮಿಶಿಮೊಟೊ, ಸಿಎಸ್ಎಫ್ ಈ ಸಾಲಿನಲ್ಲಿ ಹೆಚ್ಚು ಕಾಣುವ ಹೆಸರುಗಳು.

ತೊಂದರೆ ಕೊಡುವುದು ಮೂರನೆಯದು. ನಾಲ್ಕನೆಯದನ್ನು ಯಾರೂ ಕಂಪನಿಯದೆಂದು ತಪ್ಪು ತಿಳಿಯುವುದಿಲ್ಲ. ಮೂರನೆಯದನ್ನು ಮಾರುವವನೂ ಕೊಳ್ಳುವವನೂ ಪ್ರಾಮಾಣಿಕವಾಗಿಯೇ ಕಂಪನಿಯದೆಂದು ನಂಬಿರುತ್ತಾರೆ.

ಹೆಸರೊಂದನ್ನೇ ನಂಬಿದರೂ ಸಾಲದು. ಕೋಯೊ ಪ್ಲಾಸ್ಟಿಕ್ ಟ್ಯಾಂಕಿನ ಸಾದಾ ರೇಡಿಯೇಟರುಗಳನ್ನೂ ಮಾಡುತ್ತದೆ. ನಿಸ್ಸಾನ್ ಕಾರ್ಖಾನೆಗೆ ಪೂರೈಸುತ್ತಿದ್ದ ಕಾಲ್ಸೋನಿಕ್ ಸ್ಪೋರ್ಟ್ಸ್ ರೇಡಿಯೇಟರುಗಳನ್ನೂ ಬೇರೆಯಾಗಿ ಮಾರಿದೆ. ಇನ್ನು ಹೊಳೆಯುವ ಲೋಹವೆಲ್ಲ ಹೊರಗಿನದೂ ಅಲ್ಲ: 1960ರ ದಶಕದ ಹಲವು ಕಾರ್ವೆಟ್‌ಗಳು ಕಾರ್ಖಾನೆಯಿಂದಲೇ ಹ್ಯಾರಿಸನ್ ಹೆಸರಿನ ಅಲ್ಯುಮಿನಿಯಂ ರೇಡಿಯೇಟರ್ ಹೊತ್ತು ಬಂದವು. ಅಂಥ ಕಾರಿನಲ್ಲಿ ತಾಮ್ರ-ಹಿತ್ತಾಳೆಯದು ಕಂಡರೆ ಬದಲಿಸಿದ್ದಾರೆ ಎಂದೇ ಅನುಮಾನಿಸಬೇಕಾಗುತ್ತದೆ.

ಟ್ಯಾಂಕ್ ಮತ್ತು ಅದರ ಅಂಚು

ಎಂಜಿನ್ ಪೂರ್ತಿ ತಣ್ಣಗಿರಲಿ. ಟಾರ್ಚ್, ಸಣ್ಣ ಕನ್ನಡಿ, ಒರೆಸಲು ಬಟ್ಟೆ ಸಾಕು.

ಟ್ಯಾಂಕನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಪ್ಲಾಸ್ಟಿಕ್ಕಿನದು ಮೊದ್ದು ಸದ್ದು, ಲೋಹದ್ದು ಗಟ್ಟಿ ಸದ್ದು. ಕಪ್ಪು ಬಣ್ಣ ಬಳಿದ ಅಲ್ಯುಮಿನಿಯಂ ಟ್ಯಾಂಕುಗಳೂ ಇವೆ, ಕಣ್ಣೊಂದನ್ನೇ ನಂಬಬೇಡಿ. ಆಯಸ್ಕಾಂತದಿಂದ ಇಲ್ಲಿ ಉಪಯೋಗವಿಲ್ಲ; ಅದು ಅಲ್ಯುಮಿನಿಯಂಗೂ ಹಿಡಿಯದು, ಹಿತ್ತಾಳೆಗೂ ಹಿಡಿಯದು. ಲೋಹದ ಟ್ಯಾಂಕಿನ ಕಾಣದ ಮೂಲೆಯಲ್ಲಿ ಬಣ್ಣ ಸ್ವಲ್ಪ ಕೆರೆದರೆ ಹಳದಿ ಕಂಡಿತೋ ಬಿಳಿ ಕಂಡಿತೋ ಅಲ್ಲಿಗೆ ತೀರ್ಮಾನ.

ಪ್ಲಾಸ್ಟಿಕ್ ಟ್ಯಾಂಕ್ ಕೋರಿಗೆ ಸೇರುವ ಕಡೆ ಅಲ್ಯುಮಿನಿಯಂ ಹೆಡರ್ ತಟ್ಟೆಯ ಹಲ್ಲುಗಳನ್ನು ಟ್ಯಾಂಕಿನ ಅಂಚಿನ ಮೇಲೆ ಮಡಚಿರುತ್ತಾರೆ, ಒಳಗೆ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಈ ಮಡಿಕೆಗಳು ಯಂತ್ರದಲ್ಲಿ ಒಂದೇ ಒತ್ತಿಗೆ ಆದವು, ಎಲ್ಲವೂ ಒಂದೇ ಕೋನದಲ್ಲಿ ಇರಬೇಕು. ಕೆಲವು ಹಲ್ಲುಗಳ ಮೇಲೆ ಇಕ್ಕಳದ ಗುರುತು, ಅಲ್ಲಲ್ಲಿ ಮುರಿದ ಹಲ್ಲು, ಅಂಚಿನಿಂದ ಇಣುಕುವ ಸೀಲಂಟ್ ಕಂಡರೆ ಟ್ಯಾಂಕ್ ಬಿಚ್ಚಿ ಗ್ಯಾಸ್ಕೆಟ್ ಬದಲಿಸಿದ್ದಾರೆ. ಒಮ್ಮೆ ಬಿಚ್ಚಿ ಮಡಚಿದ ಅಲ್ಯುಮಿನಿಯಂ ಹಲ್ಲು ದಣಿದಿರುತ್ತದೆ. ಸೋರುವಿಕೆ ಹುಡುಕುವಾಗ ಆ ಜಾಗಕ್ಕೆ ಮೊದಲು ಬನ್ನಿ.

ಪ್ಲಾಸ್ಟಿಕ್ಕಿನ ಮೇಲೆ ಅಚ್ಚಿನ ಗುರುತುಗಳನ್ನು ಹುಡುಕಿ. ಗಾಜಿನ ನಾರು ಬೆರೆಸಿದ ನೈಲಾನ್ ಆದ್ದರಿಂದ ಪಿಎ66-ಜಿಎಫ್30 ಎಂಬ ಬರಹ ಸಾಮಾನ್ಯ. ಅದು ನಕಲಿನಲ್ಲೂ ಇರಬಹುದು, ಅದರಿಂದ ಏನೂ ಸಾಬೀತಾಗುವುದಿಲ್ಲ. ಹೆಚ್ಚು ಬೆಲೆಬಾಳುವ ಗುರುತು ಅಚ್ಚಿನ ಗಡಿಯಾರ: ಸಣ್ಣ ವೃತ್ತ, ಸುತ್ತ 1ರಿಂದ 12ರವರೆಗೆ ತಿಂಗಳು, ನಡುವೆ ವರ್ಷ, ತಿಂಗಳಿನತ್ತ ತೋರುವ ಬಾಣ. ಕಾರು ತಯಾರಾದ ತಿಂಗಳಿಗಿಂತ ಕೆಲವು ವಾರ ಅಥವಾ ತಿಂಗಳು ಹಿಂದಿನದಾಗಿದ್ದರೆ ಕಾರಿನ ಜೊತೆಗೇ ಬಂದದ್ದು ಎನ್ನಬಹುದು. ಕಾರಿಗಿಂತ ಹೊಸದಾಗಿದ್ದರೆ ಬದಲಿಸಿದ್ದಾರೆ. ಬದಲಿಸಿದ್ದು ಕೆಟ್ಟ ಸುದ್ದಿಯೇನಲ್ಲ. ಇಪ್ಪತ್ತು ವರ್ಷದ ಕಾರಿನಲ್ಲಿ ಮೂಲ ಪ್ಲಾಸ್ಟಿಕ್ ಟ್ಯಾಂಕ್ ಇನ್ನೂ ಇದೆ ಎನ್ನುವುದು ಹೆಮ್ಮೆಗಿಂತ ಹೆಚ್ಚು ಆತಂಕದ ಮಾತು.

ಆದರೆ ರೇಡಿಯೇಟರ್, ಎಸಿ ಕಂಡೆನ್ಸರ್ (ರೇಡಿಯೇಟರಿನ ಮುಂದೆ ಕೂರುವ, ಅದರಂತೆಯೇ ಕಾಣುವ ಎಸಿಯ ಭಾಗ), ಹೆಡ್‌ಲೈಟ್ ಮೂರರ ದಿನಾಂಕವೂ ಕಾರಿಗಿಂತ ಹೊಸದಾಗಿ, ಒಂದಕ್ಕೊಂದು ಹತ್ತಿರವಿದ್ದರೆ ಕಥೆ ಬೇರೆ. ಅದು ಮುಂಭಾಗಕ್ಕೆ ಪೆಟ್ಟು ಬಿದ್ದ ಕಾರು. ರೇಡಿಯೇಟರ್ ಹಿಡಿದಿರುವ ಅಡ್ಡ ಚೌಕಟ್ಟಿನ ಸ್ಪಾಟ್ ವೆಲ್ಡ್‌ಗಳು ಎಡಬಲ ಒಂದೇ ರೀತಿ ಇವೆಯೇ, ಬೋಲ್ಟ್ ತಲೆಗಳ ಬಣ್ಣ ಕಿತ್ತಿದೆಯೇ ನೋಡಿ. ಚೌಕಟ್ಟು ವಾರೆಯಾಗಿದ್ದರೆ ಯಾವ ರೇಡಿಯೇಟರ್ ಹಾಕಿದರೂ ತಿರುಚಿಕೊಂಡೇ ಕೂರುತ್ತದೆ.

ಮೇಜ್ಡಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ ಕಪ್ಪು ಮೇಲ್ಟ್ಯಾಂಕ್ ವಯಸ್ಸಾದಂತೆ ಹಸಿರು ಮಿಶ್ರಿತ ಕಂದಾಗುತ್ತದೆ. ಇದು ಪ್ಲಾಸ್ಟಿಕ್ ಬಿಸಿಗೂ ಕೂಲಂಟಿಗೂ ಸಿಕ್ಕಿ ಪೆಡಸಾಗಿರುವ ಗುರುತು. ಈ ಬಣ್ಣಕ್ಕೆ ತಿರುಗಿದ ಟ್ಯಾಂಕನ್ನು ಸೋರುವ ಮೊದಲೇ ಬದಲಿಸುವುದು ಜಾಣತನ. ಬಿಎಂಡಬ್ಲ್ಯು ಇ36ರಲ್ಲಿ ಮೇಲಿನ ಹೋಸ್ ಸೇರುವ ಪ್ಲಾಸ್ಟಿಕ್ ಕೊರಳು ಒಮ್ಮೆಲೇ ಮುರಿಯುತ್ತದೆ. ಕ್ಲಿಪ್ ಬಿಗಿ ಮಾಡಲು ಹೋಗಿ ಕೊರಳನ್ನೇ ಕೈಗೆ ತೆಗೆದುಕೊಳ್ಳಬೇಡಿ.

ಭಾಗ ಸಂಖ್ಯೆ

ಲೇಬಲ್ ಉಳಿದಿದ್ದರೆ ಅದರಷ್ಟು ನೇರವಾದ ಸಾಕ್ಷಿ ಬೇರಿಲ್ಲ. ಕಂಪನಿ ಸಂಖ್ಯೆಗಳಲ್ಲಿ ರೇಡಿಯೇಟರಿಗೆ ಒಂದು ಗೊತ್ತಾದ ಗುಂಪು ಇರುತ್ತದೆ: ಟೊಯೋಟಾದಲ್ಲಿ 16400 ಅಥವಾ 16410ರಿಂದ ಶುರು, ಹೊಂಡಾದಲ್ಲಿ 19010, ನಿಸ್ಸಾನ್‌ನಲ್ಲಿ 21460, ಸುಬಾರುವಿನಲ್ಲಿ 45111. ಮೇಜ್ಡಾದಲ್ಲಿ ಸಂಖ್ಯೆಯ ನಡುವೆ 15-200 ಬರುತ್ತದೆ, ಬಿಎಂಡಬ್ಲ್ಯುನಲ್ಲಿ 17 11ರಿಂದ ಆರಂಭ, ಪೋರ್ಷೆ 996ರಲ್ಲಿ ನಡುವಿನ ಗುಂಪು 106. ಲೇಬಲ್ ಸಾಮಾನ್ಯವಾಗಿ ಮೇಲ್ಟ್ಯಾಂಕಿನ ಹಿಂಬದಿಯಲ್ಲಿ ಅಥವಾ ಪಕ್ಕದ ಟ್ಯಾಂಕಿನ ಹೊರಗೋಡೆಯ ಮೇಲಿರುತ್ತದೆ, ಷ್ರೌಡ್ (ಫ್ಯಾನ್ ಸುತ್ತ ಗಾಳಿಯನ್ನು ಹಿಡಿದಿಡುವ ಹೊದಿಕೆ) ಅದನ್ನು ಮುಚ್ಚಿರಬಹುದು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿಸಿದರೆ ಅಕ್ಷರ ಹೋಗುತ್ತದೆ.

ಕೋರ್ ದಪ್ಪ ಮತ್ತು ಸುತ್ತಲಿನ ಸುಳಿವುಗಳು

ದಪ್ಪ ಅಳೆಯುವುದು ಕೋರಿನ ಬದಿಪಟ್ಟಿಯ ಹತ್ತಿರ. ಟ್ಯಾಂಕಿನ ಅಗಲವನ್ನು ಅಳೆದು ಕೋರ್ ದಪ್ಪ ಎಂದುಕೊಳ್ಳಬೇಡಿ, ಟ್ಯಾಂಕ್ ಯಾವಾಗಲೂ ಅಗಲ. ಸಾಮಾನ್ಯವಾಗಿ ಕಂಪನಿಯ ಒಂದು ಸಾಲು ಟ್ಯೂಬುಗಳ ಕೋರ್ 16ರಿಂದ 27 ಮಿ.ಮೀ. ಆಸುಪಾಸು. ವೆಲ್ಡಿಂಗ್ ಮಾಡಿದ ರೇಡಿಯೇಟರುಗಳು 36, 42, 53 ಮಿ.ಮೀ. ಅಳತೆಗಳಲ್ಲಿ ಸಿಗುತ್ತವೆ. ಮೂಲದ ಅಳತೆ ಗೊತ್ತಿದ್ದು, ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಅದಕ್ಕಿಂತ ತೆಳುವಾಗಿ ಬಂದರೆ ಅದು ಮೂರನೆಯ ಬಗೆ. 5 ಸೆಂ.ಮೀ. ಉದ್ದದಲ್ಲಿ ಫಿನ್ ಮಡಿಕೆ ಎಷ್ಟಿವೆ ಎಂದು ಎಣಿಸಿ, ಗೊತ್ತಿರುವ ಮೂಲ ರೇಡಿಯೇಟರಿನ ಜೊತೆ ಹೋಲಿಸಿದರೆ ಇನ್ನೂ ಖಚಿತ.

ಮ್ಯಾನುಯಲ್ ಗೇರಿನ ಕಾರಿನಲ್ಲಿ ಕೆಳಟ್ಯಾಂಕಿಗೆ ಆಟೊಮ್ಯಾಟಿಕ್ ಗೇರ್ ಎಣ್ಣೆಯ ಎರಡು ತೂತುಗಳು ಮುಚ್ಚಿದ ಸ್ಥಿತಿಯಲ್ಲಿದ್ದರೆ, ಒಂದೇ ಅಚ್ಚಿನಲ್ಲಿ ಎರಡೂ ಕಾರಿಗೆ ಹೊಂದುವಂತೆ ಮಾಡಿದ ನಕಲಿರಬಹುದು. ಆಟೊಮ್ಯಾಟಿಕ್ ಕಾರಿನಲ್ಲಿ ಆ ತೂತುಗಳೇ ಇಲ್ಲದೆ ಪಕ್ಕದಲ್ಲಿ ಬೇರೆ ಎಣ್ಣೆ ಕೂಲರ್ ನೇತಾಡುತ್ತಿದ್ದರೆ ಹೊರಗಿನದಿರಬಹುದು. ಹೋಸಿಗೆ ಸ್ಪ್ರಿಂಗ್ ಕ್ಲಿಪ್ ಬದಲು ಸ್ಕ್ರೂ ಕ್ಲಿಪ್ ಇದ್ದರೆ ಒಮ್ಮೆಯಾದರೂ ಬಿಚ್ಚಿದ್ದಾರೆ ಎಂದಷ್ಟೇ ಅರ್ಥ, ಅದಕ್ಕಿಂತ ಹೆಚ್ಚು ಊಹಿಸಬೇಡಿ.

ಫ್ಯಾನ್ ಷ್ರೌಡನ್ನು ಮಾತ್ರ ಚೆನ್ನಾಗಿ ನೋಡಿ. ಕಂಪನಿ ಷ್ರೌಡ್ ರೇಡಿಯೇಟರಿನ ನಾಲ್ಕೂ ಅಂಚಿಗೆ ಕೂತು ಕೊಕ್ಕೆಯಲ್ಲೋ ಬೋಲ್ಟಿನಲ್ಲೋ ನಿಲ್ಲುತ್ತದೆ. ಕೇಬಲ್ ಟೈ, ಕೊರೆದ ತೂತು, ಕತ್ತರಿಸಿದ ಮೂಲೆ ಕಂಡರೆ ರೇಡಿಯೇಟರ್ ಇದಕ್ಕೆ ಹುಟ್ಟಿದ್ದಲ್ಲ. ಫ್ಯಾನನ್ನು ಫಿನ್ ಮೂಲಕವೇ ತೂರಿಸಿದ ಪ್ಲಾಸ್ಟಿಕ್ ಕಡ್ಡಿಗಳಿಂದ ಕೋರಿಗೆ ಬಿಗಿದಿದ್ದರೆ ಆ ಜಾಗದಲ್ಲಿ ಟ್ಯೂಬ್ ಸವೆದು ಸೋರುವುದು ಬರೀ ಕಾಲದ ಪ್ರಶ್ನೆ.

ಯಾವಾಗ ಬಿಸಿಯೇರುತ್ತದೆ ಎನ್ನುವುದೇ ದಾರಿ ತೋರುತ್ತದೆ

ನಿಂತಾಗ, ಟ್ರಾಫಿಕ್ಕಿನಲ್ಲಿ ಬಿಸಿಯೇರಿ, ವೇಗದಲ್ಲಿ ಹೋದಾಗ ತಣಿಯುತ್ತಿದ್ದರೆ ತೊಂದರೆ ಗಾಳಿಯದು. ದಪ್ಪ ಕೋರ್ ಹಾಕಿದ ಕಾರಿನಲ್ಲಿ ಇದು ಅತಿ ಸಾಮಾನ್ಯ ದೂರು. ಕೋರ್ ದಪ್ಪವಾದಷ್ಟೂ ಗಾಳಿಗೆ ತಡೆ ಹೆಚ್ಚು. ಅದೇ ಹಳೆ ಫ್ಯಾನ್ ಅದರ ಮೂಲಕ ಮೊದಲಿನಷ್ಟು ಗಾಳಿ ಎಳೆಯಲಾರದು. ಜೊತೆಗೆ ಮುಂದಿನ ಸಾಲುಗಳನ್ನು ದಾಟಿ ಬರುವ ಹೊತ್ತಿಗೆ ಗಾಳಿ ಬಿಸಿಯಾಗಿರುವುದರಿಂದ ಹಿಂದಿನ ಸಾಲುಗಳಿಗೆ ಕೆಲಸ ಕಡಿಮೆ. ದಪ್ಪ ಇಮ್ಮಡಿಯಾದರೆ ತಂಪು ಇಮ್ಮಡಿಯಾಗುವುದಿಲ್ಲ.

ಪರೀಕ್ಷೆ ಸರಳ. ಎಸಿ ಹಾಕಿ, ಫ್ಯಾನ್ ಓಡುವಾಗ ಒಂದು ಹಾಳೆಯನ್ನು ಮುಂಭಾಗದಿಂದ ಕಂಡೆನ್ಸರಿನ ಬೇರೆ ಬೇರೆ ಕಡೆ ಹಿಡಿಯಿರಿ. ಎಲ್ಲ ಕಡೆ ಅಂಟಿಕೊಳ್ಳಬೇಕು. ಫ್ಯಾನಿನ ಎದುರು ಮಾತ್ರ ಅಂಟಿ ಮೂಲೆಗಳಲ್ಲಿ ಬಿದ್ದರೆ ಷ್ರೌಡ್ ಇಲ್ಲ, ಅಥವಾ ಇದ್ದೂ ಪ್ರಯೋಜನವಿಲ್ಲ. ಹಾಳೆ ಹೊರಕ್ಕೆ ಹಾರಿದರೆ ಫ್ಯಾನ್ ತಿರುಗುಮುರುಗಾಗಿ ತಿರುಗುತ್ತಿದೆ. ವೈರಿಂಗ್ ಬದಲಿಸಿದ ಕಾರಿನಲ್ಲಿ ಇದೂ ಆಗುತ್ತದೆ. ಆಮೇಲೆ ರೇಡಿಯೇಟರಿಗೂ ಚೌಕಟ್ಟಿಗೂ ನಡುವಿನ ಸಂದುಗಳನ್ನು ನೋಡಿ. ಕಾರ್ಖಾನೆಯಲ್ಲಿ ಅಲ್ಲಿ ಸ್ಪಂಜು ಪಟ್ಟಿ, ಪ್ಲಾಸ್ಟಿಕ್ ಗಾಳಿದಾರಿ, ಕೆಳಗೆ ಅಂಡರ್‌ಟ್ರೇ ಇರುತ್ತವೆ. ರೇಡಿಯೇಟರ್ ಬದಲಿಸುವವರು ಇವನ್ನು ಬಿಚ್ಚಿ ಮತ್ತೆ ಹಾಕುವುದಿಲ್ಲ. ಗಾಳಿ ಸುಲಭದ ದಾರಿ ಹಿಡಿಯುತ್ತದೆ, ಕೋರನ್ನು ಬಿಟ್ಟು ಸಂದಿನಲ್ಲಿ ಹೋಗುತ್ತದೆ. ನಮ್ಮ ಅನುಭವದಲ್ಲಿ ಹೊರಗಿನ ದುಬಾರಿ ರೇಡಿಯೇಟರ್ ಹಾಕಿಯೂ ಬಿಸಿಯೇರುವ ಕಾರುಗಳಲ್ಲಿ ಕೋರ್ ತಪ್ಪು ಮಾಡಿರುವುದು ಅಪರೂಪ, ಬಿಟ್ಟುಹೋದ ಪಟ್ಟಿ ಮತ್ತು ತಟ್ಟೆಗಳದೇ ತಪ್ಪು.

ಇದಕ್ಕೆ ವಿರುದ್ಧವಾಗಿ ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲಿ ಅಥವಾ ಟ್ರ್ಯಾಕಿನಲ್ಲಿ ಬಿಸಿಯೇರಿದರೆ ಕೋರ್ ಒಳಗೆ ಕಟ್ಟಿದೆ, ಹೊರಗೆ ಮುಚ್ಚಿದೆ, ಕೆಳಗಿನ ಹೋಸ್ ಎಂಜಿನ್ ವೇಗದಲ್ಲಿ ಒಳಕ್ಕೆ ಕುಸಿಯುತ್ತಿದೆ, ಇಲ್ಲವೇ ಪಂಪಿನ ರೆಕ್ಕೆ ಸವೆದಿದೆ. ತೆಳು ನಕಲು ಸಿಕ್ಕಿಬೀಳುವುದೂ ಇಲ್ಲಿಯೇ: ಸಾಮಾನ್ಯ ಓಡಾಟಕ್ಕೆ ಸಾಕಾಗುವ ಕೋರ್ ಪೂರ್ತಿ ಥ್ರಾಟಲ್‌ನ ಶಾಖಕ್ಕೆ ಸಾಲುವುದಿಲ್ಲ. ಪೋರ್ಷೆ 996 ಮತ್ತು ಬಾಕ್ಸ್‌ಸ್ಟರ್ 986ರಲ್ಲಿ ರೇಡಿಯೇಟರುಗಳು ಮುಂದಿನ ಚಕ್ರಗಳ ಎದುರು ಎಡಬಲಕ್ಕೆ ಇವೆ, ಕೆಲವು ಮಾದರಿಗಳಲ್ಲಿ ನಡುವೆ ಮೂರನೆಯದೂ ಇದೆ. ಬಂಪರಿನ ಬಾಯಿಯಿಂದ ಒಣ ಎಲೆಗಳು ಒಳಗೆ ಸೇರಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ತುಂಬಿಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ, ಬಂಪರ್ ತೆಗೆದು ಕಂಡೆನ್ಸರನ್ನು ಸ್ವಲ್ಪ ಸರಿಸಲೇಬೇಕು.

ಒಳಗೆ ಕಟ್ಟಿದೆಯೇ ಎಂದು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ತಿಳಿಯಬಹುದು, ಒಂದು ಎಚ್ಚರಿಕೆಯೊಂದಿಗೆ. ಹೊಳೆಯುವ ಅಲ್ಯುಮಿನಿಯಂ ತನ್ನ ಶಾಖವನ್ನು ಸರಿಯಾಗಿ ಸೂಸುವುದಿಲ್ಲ, ಎದುರಿನ ವಸ್ತುಗಳದನ್ನು ಪ್ರತಿಫಲಿಸುತ್ತದೆ. 90 ಡಿಗ್ರಿಯ ಟ್ಯಾಂಕ್ 45 ಎಂದು ತೋರಿದರೂ ಆಶ್ಚರ್ಯವಿಲ್ಲ. ಟ್ಯಾಂಕಿನ ಮೇಲೆ, ಬದಿಪಟ್ಟಿಯ ಮೇಲೆ ಮ್ಯಾಟ್ ಕಪ್ಪು ಟೇಪಿನ ತುಂಡುಗಳನ್ನು ಅಂಟಿಸಿ, ಅಲ್ಲಿ ಓದಿ. ಕೋರಿನ ಮೇಲೆ ಓದುವಾಗ ಅಂಕಿಗಿಂತ ಒಂದು ಜಾಗಕ್ಕೂ ಪಕ್ಕದ ಜಾಗಕ್ಕೂ ಇರುವ ವ್ಯತ್ಯಾಸ ಮುಖ್ಯ. ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ತಾಪ ಮೆಲ್ಲಗೆ ಇಳಿಯಬೇಕು. ನಡುವೆ ಒಂದು ಪಟ್ಟೆ ಮಾತ್ರ ಥಟ್ಟನೆ ತಣ್ಣಗಿದ್ದರೆ ಆ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ.

ದಪ್ಪ ರೇಡಿಯೇಟರ್ ಹಾಕಿದ್ದರಿಂದ ಎಂಜಿನ್ ತೀರಾ ತಣ್ಣಗೆ ಓಡುತ್ತಿದೆ ಎನ್ನುವುದು ತಪ್ಪು ನಿರ್ಣಯ. ಕನಿಷ್ಠ ತಾಪವನ್ನು ಕಾಯುವುದು ಥರ್ಮೋಸ್ಟಾಟ್. ಓಡುವಾಗ ಅದರ ಮೇಲೆ ಬರೆದ ತಾಪಕ್ಕಿಂತ ಬಹಳ ಕೆಳಗೆ ನಿಂತರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಅಥವಾ ಯಾರೋ ಕಿತ್ತಿದ್ದಾರೆ. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚುವ ಎಂಜಿನ್ನುಗಳಲ್ಲಿ ಅದನ್ನು ಕಿತ್ತರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಮತ್ತೆ ಎಂಜಿನ್ನಿಗೇ ಮರಳಿ, ಭಾರ ಬಿದ್ದಾಗ ಬಿಸಿ ಹೆಚ್ಚುತ್ತದೆ.

ಕ್ಯಾಪ್, ಫ್ಯಾನ್ ಸ್ವಿಚ್, ಗಾಳಿ

ಕ್ಯಾಪ್ ಮೇಲೆ 0.9, 1.1 ಅಥವಾ 1.3 ಎಂದು ಬರೆದಿರುತ್ತದೆ. ಜಪಾನಿ ಕ್ಯಾಪುಗಳಲ್ಲಿ ಇದು ಚದರ ಸೆಂ.ಮೀ.ಗೆ ಇಷ್ಟು ಕಿಲೊ ಒತ್ತಡ ಎಂದರ್ಥ, 0.9 ಅಂದರೆ 88 ಕಿಲೊಪ್ಯಾಸ್ಕಲ್, 1.1 ಅಂದರೆ 108. ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲಂಟ್ ತೆರೆದ ಗಾಳಿಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 1.1ರ ಕ್ಯಾಪ್ ಹಿಡಿದರೆ 128ರ ಆಸುಪಾಸಿಗೆ ಏರುತ್ತದೆ. ಹೊರಗಿನ ರೇಡಿಯೇಟರ್ ಜೊತೆ 1.3ರ ಕ್ಯಾಪ್ ಬಂದಿರುವುದುಂಟು. ಹೊಸ ರೇಡಿಯೇಟರ್ ಅದನ್ನು ತಡೆಯುತ್ತದೆ. ಹಳೆ ಹೀಟರ್ ಕೋರ್ (ಕಾರಿನೊಳಗೆ ಬಿಸಿಗಾಳಿ ಕೊಡುವ ಸಣ್ಣ ರೇಡಿಯೇಟರ್) ಮತ್ತು ಹೋಸ್ ತಡೆಯಬೇಕೆಂದಿಲ್ಲ. ರೇಡಿಯೇಟರ್ ಬದಲಿಸಿದ ಸ್ವಲ್ಪ ಕಾಲಕ್ಕೆ ಕಾರಿನೊಳಗಿನ ಮ್ಯಾಟ್ ಒದ್ದೆಯಾದರೆ ಕ್ಯಾಪ್ ನೋಡಿ, ಮ್ಯಾನುಯಲ್ ಹೇಳಿದ ಒತ್ತಡದ್ದೇ ಹಾಕಿ. ಕ್ಯಾಪಿನ ಕೆಳ ಸೀಲು ಕೊರಳಿನ ತಳಕ್ಕೆ ಕೂರುತ್ತದೆಯೇ ಎಂದೂ ನೋಡಬೇಕು. ಕೊರಳಿನ ಆಳ ಬೇರೆಯಾದರೆ ಅಂಕಿ ಸರಿಯಿದ್ದೂ ಒತ್ತಡ ನಿಲ್ಲುವುದಿಲ್ಲ.

ಫ್ಯಾನ್ ಸ್ವಿಚ್ ರೇಡಿಯೇಟರಿನಲ್ಲೇ ಇರುವ ಕಾರುಗಳಲ್ಲಿ ಇನ್ನೊಂದು ಬಲೆ ಇದೆ. ಬಿಎಂಡಬ್ಲ್ಯು ಇ36ರಲ್ಲಿ ರೇಡಿಯೇಟರಿನ ಪಕ್ಕದಲ್ಲಿ ಎರಡು ತಾಪದ ಸ್ವಿಚ್ ಇದೆ, 91ಕ್ಕೆ ನಿಧಾನ ವೇಗ, 99ಕ್ಕೆ ಪೂರ್ತಿ ವೇಗ. 80 ಮತ್ತು 88ರದೂ ಸಿಗುತ್ತದೆ. ಹೊರಗಿನ ರೇಡಿಯೇಟರಿನ ತೂತು ಬೇರೆ ಅಳತೆಯದಾದರೆ ಅಡಾಪ್ಟರ್ ಹಾಕಿ ಸ್ವಿಚ್ ಕೂರಿಸುತ್ತಾರೆ. ಆಗ ಸ್ವಿಚ್ಚಿನ ತುದಿ ಹರಿಯುವ ನೀರಿಗೆ ತಾಗದೆ ಅಡಾಪ್ಟರಿನ ಕುಳಿಯಲ್ಲಿ ಉಳಿಯುತ್ತದೆ, ಫ್ಯಾನ್ ತಡವಾಗಿ ಶುರುವಾಗುತ್ತದೆ. ಸ್ವಿಚ್ ತೆಗೆದು ತುದಿ ಅಡಾಪ್ಟರ್ ದಾಟಿ ಎಷ್ಟು ಹೊರಬರುತ್ತದೆ ನೋಡಿದರೆ ತಿಳಿಯುತ್ತದೆ. ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದ್ದರೆ, ಮೈಯೇ ಅರ್ಥ್ (ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ) ಆಗಿರುವ ಒಂಟಿ ವೈರಿನ ಸ್ವಿಚ್‌ಗಳಿಗೆ ಅರ್ಥ್ ಕೂಡ ಸಿಗುವುದಿಲ್ಲ.

ಗಾಳಿ ಹೊರಹಾಕುವ ತೂತು ಕಂಪನಿ ರೇಡಿಯೇಟರಿನಲ್ಲಿ ಇದ್ದು ಹೊರಗಿನದರಲ್ಲಿ ಇಲ್ಲದಿರುವುದು ಮಧ್ಯ-ಎಂಜಿನ್ ಕಾರುಗಳಲ್ಲಿ ದೊಡ್ಡ ಕಿರಿಕಿರಿ. 1989ರ ನಂತರದ ಟೊಯೋಟಾ ಎಂಆರ್2ರಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ರೇಡಿಯೇಟರ್ ಮತ್ತು ಹೀಟರ್ ಎರಡೂ ಕಡೆ ಗಾಳಿ ಬಿಡುವ ವ್ಯವಸ್ಥೆ ಇದೆ. ಒಂದು ಕಡೆ ಮುಚ್ಚಿಹೋದರೆ ಮೇಲ್ಭಾಗದಲ್ಲಿ ಗಾಳಿ ನಿಂತು ತಾಪಮಾನದ ಮುಳ್ಳು ಏರಿ ಇಳಿದು ಆಡುತ್ತದೆ, ಹೀಟರ್ ಒಮ್ಮೆ ಬಿಸಿ ಒಮ್ಮೆ ತಣ್ಣಗೆ ಊದುತ್ತದೆ. ಅಂಥ ಕಡೆ ನಿರ್ವಾತ ಹಿಡಿದು ತುಂಬುವ ಉಪಕರಣ ಬಳಸುವುದೇ ವಾಸಿ. ತುಂಬಿದ ಲೀಟರನ್ನು ಮ್ಯಾನುಯಲ್ ಜೊತೆ ಹೋಲಿಸಿ: ಕೋರ್ ದಪ್ಪವಾಗಿದ್ದೂ ಮ್ಯಾನುಯಲ್ ಹೇಳಿದ್ದಕ್ಕಿಂತ ಕಡಿಮೆ ಹಿಡಿದರೆ ಒಳಗೆ ಗಾಳಿ ಉಳಿದಿದೆ.

ಸೋರುವಿಕೆ ಎಲ್ಲಿ ಹುಡುಕಬೇಕು

ತಣ್ಣಗಿನ ಎಂಜಿನ್ನಿಗೆ ಪ್ರೆಶರ್ ಟೆಸ್ಟರ್ ಹಾಕಿ, ಕ್ಯಾಪಿನ ಅಂಕಿಯಷ್ಟು ಒತ್ತಡ ತುಂಬಿ 15 ನಿಮಿಷ ಬಿಡಿ. ಕ್ಯಾಪಿನ ಅಂಕಿ ಮೀರಬೇಡಿ. ಮುಳ್ಳು ಇಳಿದರೆ ಎಲ್ಲಿ ನೋಡಬೇಕೆನ್ನುವುದು ಬಗೆಯ ಮೇಲೆ ಅವಲಂಬಿತ. ಪ್ಲಾಸ್ಟಿಕ್ ಟ್ಯಾಂಕಿನದು ಮಡಿಕೆಯ ಅಂಚಿನಲ್ಲಿ, ಹೋಸ್ ಕೊರಳಿನ ಬುಡದಲ್ಲಿ ಸೋರುತ್ತದೆ. ಗ್ಯಾಸ್ಕೆಟ್ ಗಟ್ಟಿಯಾಗಿದ್ದರೆ ತಣ್ಣಗಿರುವಾಗ ಸೋರಿ ಬಿಸಿಯಾದಾಗ ನಿಲ್ಲುತ್ತದೆ, ಬೆಳಿಗ್ಗೆ ಮಾತ್ರ ಹನಿ ಕಾಣುತ್ತದೆ. ವೆಲ್ಡಿಂಗಿನದು ಟ್ಯಾಂಕಿನ ಮೂಲೆ, ಹಿಡಿಕೆಗಳ ಬುಡ, ಡ್ರೈನ್ ಪ್ಲಗ್ ಸುತ್ತ ಸೋರುತ್ತದೆ. ಹಿಡಿಕೆಯ ಬುಡದಲ್ಲಿ ಬಿರುಕಿದ್ದರೆ ರೇಡಿಯೇಟರನ್ನು ರಬ್ಬರ್ ಬುಷ್ ಇಲ್ಲದೆ ಬಿಗಿದಿದ್ದಾರೆ. ಬರೀ ಬೆಸುಗೆ ಹಾಕಿದರೆ ಮತ್ತೆ ಅಲ್ಲೇ ಬಿರಿಯುತ್ತದೆ. ಲೋಹದ ಕೊರಳಿನ ತುದಿಯಲ್ಲಿ ಉಬ್ಬು ಅಂಚು ಇಲ್ಲದಿದ್ದರೆ ಹೋಸ್ ಒತ್ತಡಕ್ಕೆ ಜಾರಿ ಕಳಚುತ್ತದೆ.

ಟ್ಯೂಬುಗಳಲ್ಲೇ ಸೂಜಿಮೊನೆಯಂಥ ತೂತುಗಳು ಅಲ್ಲಲ್ಲಿ ಬಿದ್ದಿದ್ದರೆ, ಅದರಲ್ಲೂ ಹೊಸ ಅಲ್ಯುಮಿನಿಯಂ ರೇಡಿಯೇಟರಿನಲ್ಲಿ, ಕೂಲಂಟ್ ಮೂಲಕ ವಿದ್ಯುತ್ ಹರಿಯುತ್ತಿದೆಯೇ ನೋಡಿ. ಕ್ಯಾಪ್ ತೆಗೆದು, ಮಲ್ಟಿಮೀಟರಿನ ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತಂತಿಯ ತುದಿ ಲೋಹಕ್ಕೆ ತಾಗದಂತೆ ಕೂಲಂಟಿನಲ್ಲಿ. ಎಲ್ಲ ಆರಿಸಿ ಒಮ್ಮೆ, ಫ್ಯಾನ್ ಮತ್ತು ದೀಪ ಹಾಕಿ ಒಮ್ಮೆ, ಸ್ಟಾರ್ಟರ್ ತಿರುಗಿಸುತ್ತ ಒಮ್ಮೆ ಓದಿ. 0.1 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. 0.3ರ ಹತ್ತಿರ ಹೋದರೆ, ಯಾವುದನ್ನು ಹಾಕಿದಾಗ ಏರಿತೋ ಅದರ ಅರ್ಥ್ ಕೆಟ್ಟಿದೆ. ಎಲ್ಲ ಆರಿಸಿದಾಗಲೂ ಏರಿಯೇ ಇದ್ದರೆ ಕೂಲಂಟಿನ ರಕ್ಷಕ ರಾಸಾಯನಿಕ ಮುಗಿದಿದೆ. ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಹೊಸ ಕೂಲಂಟ್ ತುಂಬಿ.

ಹೊರಗೆಲ್ಲೂ ಹನಿಯಿಲ್ಲದೆ ಒತ್ತಡ ಇಳಿದರೆ, ಅಥವಾ ತಣ್ಣಗಿನ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಹೋಸ್ ಕಲ್ಲಿನಂತಾದರೆ ರೇಡಿಯೇಟರನ್ನು ಬಿಟ್ಟು ಹೆಡ್ ಗ್ಯಾಸ್ಕೆಟ್ ಕಡೆ ಹೋಗಿ. ಕೊರಳಿನ ಮೇಲಿಡುವ ನೀಲಿ ದ್ರವದ ಪರೀಕ್ಷೆಯಲ್ಲಿ ಬಣ್ಣ ಹಳದಿಗೆ ತಿರುಗಿದರೆ ದಹನದ ಅನಿಲ ಕೂಲಂಟಿಗೆ ಸೇರುತ್ತಿದೆ.

ದುರಸ್ತಿಯೋ, ಬದಲಿಯೋ

ಬಿರುಕು ಬಿಟ್ಟ ಪ್ಲಾಸ್ಟಿಕ್ ಟ್ಯಾಂಕಿಗೆ ಅಂಟು ಮನೆ ಸೇರುವವರೆಗೆ ಮಾತ್ರ. ತೆಳು ನಕಲನ್ನು ರಿಪೇರಿ ಮಾಡಿಸುವುದಕ್ಕಿಂತ ಎರಡನೆಯ ಬಗೆಯ ರೇಡಿಯೇಟರ್ ತರುವುದು ಒಳ್ಳೆಯದು. ರಸ್ತೆಗಷ್ಟೇ ಬಳಸುವ ಕಾರಿಗೆ, ಎಲ್ಲ ಗಾಳಿಪಟ್ಟಿಗಳೂ ಜಾಗದಲ್ಲಿದ್ದರೆ, ಅದು ಸಾಕು. ಟ್ರ್ಯಾಕಿಗೆ ಹೋಗುವ ಕಾರಿಗೆ ವೆಲ್ಡಿಂಗಿನದು ಅರ್ಥಪೂರ್ಣ, ಆದರೆ ಕಂಪನಿ ಷ್ರೌಡ್ ಕೂರುವಂಥದ್ದನ್ನೇ ಆರಿಸಿ. 36 ಮಿ.ಮೀ. ಕೋರ್ ಷ್ರೌಡ್ ಸಮೇತ ಕೂತರೆ, ಷ್ರೌಡ್ ಇಲ್ಲದ 53 ಮಿ.ಮೀ.ಗಿಂತ ಟ್ರಾಫಿಕ್ಕಿನಲ್ಲಿ ಚೆನ್ನಾಗಿ ನಡೆಯುತ್ತದೆ. ಫ್ಯಾನ್ ಮೋಟರ್ ಮತ್ತು ಎಂಜಿನ್ ಪುಲ್ಲಿಯ ನಡುವೆ ಕನಿಷ್ಠ 20 ಮಿ.ಮೀ. ಉಳಿಯಲಿ, ಗೇರ್ ಬದಲಿಸುವಾಗ ಎಂಜಿನ್ ಮೌಂಟಿನ ಮೇಲೆ ಅಲುಗುತ್ತದೆ.

ವೆಲ್ಡಿಂಗ್ ಟ್ಯಾಂಕಿನ ಸಣ್ಣ ತೂತನ್ನು ಟಿಗ್ ವೆಲ್ಡಿಂಗಿನಲ್ಲಿ ಮುಚ್ಚಬಹುದು. ಅದಕ್ಕೆ ಮೊದಲು ಕೂಲಂಟಿನ ಕುರುಹೂ ಇಲ್ಲದಂತೆ ಒಳಗೆ ಬಿಸಿನೀರಿನಲ್ಲಿ ತೊಳೆದು ಒಣಗಿಸಿರಬೇಕು. ಹಿಂದಿನ ಮಾಲೀಕ ಸೋರುವಿಕೆ ನಿಲ್ಲಿಸುವ ಪುಡಿ ಸುರಿದಿದ್ದರೆ ಬೆಸುಗೆ ಹಿಡಿಯದೆ ಗುಳ್ಳೆ ಏಳುತ್ತದೆ. ಆ ಪುಡಿಯ ಗುರುತು ಕ್ಯಾಪ್ ಕೊರಳಿನೊಳಗೆ ಕಂದು ಅಥವಾ ಬೂದು ಮಡ್ಡಿಯಾಗಿ ಕಾಣುತ್ತದೆ. ಕಂಡರೆ ರೇಡಿಯೇಟರ್ ಜೊತೆ ಹೀಟರ್ ಕೋರನ್ನೂ ಎರಡು ದಿಕ್ಕಿನಿಂದ ನೀರು ಹಾಯಿಸಿ ತೊಳೆಯಬೇಕು.